ಹಾನ್‌ಬೊಕ್ ತೊಟ್ಟು ಸಿಯೋಲ್ ಅರಮನೆ ಸುತ್ತುವ ಟೂರ್: ಬಟ್ಟೆಗಿಂತ ಗೈಡ್ ನೋಡಿ ಬುಕ್ ಮಾಡಿ

ಸಿಯೋಲ್‌ಗೆ ಹೊರಟವರೆಲ್ಲ ಕೇಳುವುದು ಇದನ್ನೇ: ಕೊರಿಯಾದ ಸಾಂಪ್ರದಾಯಿಕ ಉಡುಪಾದ ಹಾನ್‌ಬೊಕ್ ತೊಟ್ಟುಕೊಂಡು ಗೈಡ್ ಜೊತೆ ಅರಮನೆ ಸುತ್ತುವ ಟೂರ್ ಇದೆಯಲ್ಲ, ಅದಕ್ಕೆ ದುಡ್ಡು ಕೊಡಬಹುದಾ ಅಂತ. ಕೊಡಬಹುದು, ಗೈಡ್ ಒಳ್ಳೆಯವರಾಗಿದ್ದರೆ. ಬಟ್ಟೆ ಅರಮನೆಯ ಸುತ್ತಮುತ್ತ ಎಲ್ಲಿ ಬೇಕಾದರೂ ಬಾಡಿಗೆಗೆ ಸಿಗುತ್ತದೆ. ಫೋಟೋ ನೀವೇ ತೆಗೆದುಕೊಳ್ಳಬಹುದು. ಹಾನ್‌ಬೊಕ್ ತೊಟ್ಟವರಿಗೆ ಅರಮನೆ ಪ್ರವೇಶ ಉಚಿತ, ಇಲ್ಲದಿದ್ದರೂ ಟಿಕೆಟ್ 3,000 ವಾನ್ ಅಷ್ಟೇ, ಅಂದರೆ ನಮ್ಮ ಇನ್ನೂರು ರೂಪಾಯಿಗೂ ಕಡಿಮೆ. ಹಾಗಾಗಿ ಟೂರ್‌ಗೆ ಕೊಡುವ ದುಡ್ಡೆಲ್ಲ ಹೆಚ್ಚುಕಡಿಮೆ ಕಥೆ ಹೇಳುವವರಿಗೆ ಕೊಟ್ಟಂತೆ. ನಾನು, ನಮ್ಮನೆಯವರು, ಅಮ್ಮ ಮೂವರೂ ಹೋಗಿದ್ದೆವು. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಕೆಳಗೆ ಒಂದೆರಡು ದೂರು ಇವೆ, ಮತ್ತು ಇದೇ ತರಹದ ಟೂರ್ ಅಲ್ಲಿ ಬೇಕಾದಷ್ಟು ನಡೆಯುತ್ತವೆ.

ಅರಮನೆ ಅಂದರೆ ಇಲ್ಲಿ ಗ್ಯೊಂಗ್‌ಬೊಕ್‌ಗುಂಗ್. ಸಿಯೋಲ್‌ನಲ್ಲಿ ಕೊರಿಯಾವನ್ನು ಹಿಂದೆ ಆಳಿದ ಜೋಸೊನ್ ವಂಶದ ರಾಜರ ಅರಮನೆಗಳು ಐದಿವೆ, ಇದು ಎಲ್ಲಕ್ಕಿಂತ ದೊಡ್ಡದು, ಮೊದಲು ಕಟ್ಟಿದ್ದೂ ಇದನ್ನೇ, 1395ರಲ್ಲಿ. ಮೆಟ್ರೋ 3ನೇ ಲೈನಿನಲ್ಲಿ ಇದೇ ಹೆಸರಿನ ಸ್ಟೇಷನ್ ಇದೆ. ಹೊರಗೆ ಬಂದರೆ ಸಾಲಾಗಿ ಬಾಡಿಗೆ ಅಂಗಡಿಗಳು. ಎರಡು ಗಂಟೆಗೋ ನಾಲ್ಕು ಗಂಟೆಗೋ, ಡಿಸೈನ್ ನೋಡಿಕೊಂಡು ಸುಮಾರು 15,000ದಿಂದ 30,000 ವಾನ್ ತನಕ ಆಗುತ್ತದೆ. ನಮ್ಮ ಟೂರ್‌ನಲ್ಲಿ ಅದು ಸೇರಿಯೇ ಇತ್ತು.

ಅಂಗಡಿಯ ಒಳಗಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅದನ್ನು ಯಾರೂ ಬರೆಯುವುದಿಲ್ಲ. ಹೆಂಗಸರ ಹಾನ್‌ಬೊಕ್‌ನಲ್ಲಿ ಎರಡು ಮುಖ್ಯ ಭಾಗ. ಚಿಮಾ ಅಂದರೆ ನೆಲದವರೆಗಿನ ಲಂಗ, ಜೊಗೊರಿ ಅಂದರೆ ಮೇಲಿನ ಗಿಡ್ಡ ರವಿಕೆ. ಚಿಮಾ ಸೊಂಟಕ್ಕೆ ಕಟ್ಟುವುದಲ್ಲ, ಎದೆಯ ಮೇಲೆ ಬಿಗಿಯುವುದು. ಅಮ್ಮ ಸುಮ್ನೆ ಅಭ್ಯಾಸಬಲದಿಂದ ಅದನ್ನು ಸೊಂಟಕ್ಕೆ ಎಳೆದುಕೊಂಡು, "ಇದೇನೇ, ನೆರಿಗೆ ಎಲ್ಲಿ ಸಿಕ್ಕಿಸೋದು" ಅಂದರು. ಅಂಗಡಿಯ ಹುಡುಗಿ ನಗುತ್ತಾ ಅವರ ಕೈ ಬಿಡಿಸಿ, ಪಟ್ಟಿಯನ್ನು ಎದೆಗೆ ಸುತ್ತಿ, ಹಿಂದಿನಿಂದ ಮುಂದೆ ತಂದು ಗಂಟು ಹಾಕಿದಳು. ಆಮೇಲೆ ಜೊಗೊರಿ, ಅದರ ಮೇಲೆ ಗೊರುಮ್, ಅಂದರೆ ಎದೆಯ ಮೇಲೆ ಇಳಿಬೀಳುವ ಎರಡು ಉದ್ದನೆಯ ಪಟ್ಟಿ. ಇದನ್ನು ಕಟ್ಟುವುದಕ್ಕೆ ಒಂದು ಕ್ರಮವಿದೆ. ಒಂದೇ ಕಡೆ ಕುಣಿಕೆ ಬರಬೇಕು, ಎರಡೂ ತುದಿ ಕೆಳಗೆ ನೇರವಾಗಿ ಇಳಿಯಬೇಕು. ಹುಡುಗಿ ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದಳು, ಅಂಗೈಯಲ್ಲಿ ಒತ್ತಿ ಒತ್ತಿ ಚಪ್ಪಟೆ ಮಾಡಿದಳು. ಕೂದಲಿಗೆ ಜಡೆ, ರಿಬ್ಬನ್ ಎಲ್ಲ ಅಲ್ಲೇ ಹಾಕಿಕೊಡುತ್ತಾರೆ. ಕಾಲಿಗೆ ನಿಮ್ಮ ಶೂ ಸಾಕು, ಲಂಗದ ಕೆಳಗೆ ಯಾರಿಗೂ ಕಾಣುವುದಿಲ್ಲ, ಮತ್ತು ಅರಮನೆಯೊಳಗೆ ನಡೆಯುವುದು ತುಂಬಾ ಇದೆ.

ಆರಿಸುವಾಗ ಒಂದು ಮಾತು. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮಿರಮಿರ ಲೇಸ್, ಚಿನ್ನದ ಮುದ್ರೆ, ಒಳಗೆ ಕಂಬಿ ಬಳೆ ಹಾಕಿ ಉಬ್ಬಿಸಿದ ಲಂಗ. ಅವು ಪ್ರವಾಸಿಗರಿಗಾಗಿ ಬಂದ ಹೊಸ ಡಿಸೈನ್. 2024ರಲ್ಲಿ ಅಲ್ಲಿನ ಪರಂಪರೆ ಇಲಾಖೆಯೇ ಅರಮನೆ ಸುತ್ತಲಿನ ಈ ಬಾಡಿಗೆ ಬಟ್ಟೆಗಳು ನಿಜವಾದ ಹಾನ್‌ಬೊಕ್‌ನಿಂದ ದೂರ ಹೋಗಿವೆ ಅಂತ ಬೇಸರ ಹೇಳಿಕೊಂಡಿತ್ತು. ಲೇಸ್ ಇಲ್ಲದ, ಎರಡೇ ಬಣ್ಣದ ಸಾದಾ ಹಾನ್‌ಬೊಕ್ ಕೇಳಿ ತೆಗೆದುಕೊಳ್ಳಿ. ಮರದ ಕಂಬ, ಹೆಂಚಿನ ಮಾಡು, ಕಲ್ಲಿನ ಅಂಗಳದ ಎದುರು ಅದರ ಅಂದವೇ ಬೇರೆ. ಅಮ್ಮ ಕಡು ಹಸಿರು ಚಿಮಾ, ಕೆನೆ ಬಣ್ಣದ ಜೊಗೊರಿ ಆರಿಸಿದರು. ದಾರಿಯಲ್ಲಿ ಕೊರಿಯಾದ ಅಜ್ಜಿಯರು ನಿಂತು ಬೆರಳೆತ್ತಿ ಮೆಚ್ಚುಗೆ ತೋರಿಸಿದ್ದು ಅಮ್ಮನಿಗೇ.

ಟೂರ್ ಶುರುವಾಗುವುದು ಗ್ವಾಂಗ್‌ಹ್ವಾಮುನ್ ಅನ್ನುವ ಹೆಬ್ಬಾಗಿಲ ಮುಂದೆ. ನಮ್ಮ ಗೈಡ್ ಸುಮಾರು ಐವತ್ತು ದಾಟಿದ ಹೆಂಗಸು, ಇಂಗ್ಲಿಷ್ ನಿಧಾನ, ಆದರೆ ಒಂದೊಂದು ಮಾತೂ ತೂಕದ್ದು. ಎಲ್ಲರೂ ಬಾಗಿಲ ಫೋಟೋ ತೆಗೆಯುತ್ತಿದ್ದಾಗ ಅವರು ಅದರ ಪಾಡೆಲ್ಲ ಹೇಳಿದರು. 1592ರಲ್ಲಿ ಜಪಾನ್ ದಾಳಿ ಮಾಡಿದಾಗ ಅರಮನೆಯೇ ಸುಟ್ಟು ಹೋಯಿತು. ಸುಮಾರು 270 ವರ್ಷ ಹಾಗೇ ಹಾಳು ಬಿದ್ದಿತ್ತು. ಎಳೆಯ ರಾಜ ಗೊಜೊಂಗ್‌ನ ಅಪ್ಪ, ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಹುಂಗ್‌ಸೊನ್ ದೇವೊಂಗುನ್, 1865ರಲ್ಲಿ ಮತ್ತೆ ಕಟ್ಟಿಸಲು ಶುರು ಮಾಡಿದ. ಆಮೇಲೆ 1910ರಿಂದ ಜಪಾನ್ ಆಳ್ವಿಕೆ. 1926ರಲ್ಲಿ ಸಿಂಹಾಸನದ ಸಭಾಂಗಣದ ಎದುರಿಗೇ ದೊಡ್ಡ ಕಲ್ಲಿನ ಸರ್ಕಾರಿ ಕಟ್ಟಡ ಎದ್ದಿತು, ಈ ಹೆಬ್ಬಾಗಿಲನ್ನು ಕಿತ್ತು ಪಕ್ಕಕ್ಕೆ ಸಾಗಿಸಿದರು. ಕೊರಿಯಾ ಯುದ್ಧದಲ್ಲಿ ಅದರ ಮರದ ಭಾಗ ಸುಟ್ಟಿತು. 1968ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದರು. 2010ರಲ್ಲಿ ಅದನ್ನೂ ತೆಗೆದು, ಮೊದಲಿದ್ದ ಜಾಗದಲ್ಲೇ, ಮರದಲ್ಲೇ ಮತ್ತೆ ಕಟ್ಟಿದರು. ಮುಂದಿನ ಕಲ್ಲಿನ ಜಗಲಿ ಮತ್ತು ಕಪ್ಪು ಹಲಗೆಯ ಮೇಲಿನ ಚಿನ್ನದ ಅಕ್ಷರ ಬಂದಿದ್ದು 2023ರಲ್ಲಿ. ಆ ಸರ್ಕಾರಿ ಕಟ್ಟಡವನ್ನು ಕೆಡವಲು ಶುರು ಮಾಡಿದ್ದು 1995ರ ಆಗಸ್ಟ್ 15ರಂದು, ಅಂದರೆ ಜಪಾನ್ ಆಳ್ವಿಕೆಯಿಂದ ಕೊರಿಯಾಕ್ಕೆ ಬಿಡುಗಡೆ ಸಿಕ್ಕಿ ಸರಿಯಾಗಿ 50 ವರ್ಷಕ್ಕೆ.

ಇದನ್ನು ಕೇಳಿಸಿಕೊಂಡ ಮೇಲೆ ನೋಡುವ ರೀತಿಯೇ ಬದಲಾಗುತ್ತದೆ. ಮೈಸೂರು ಅರಮನೆಗೆ ಹೋದರೆ ದಸರಾ ಗೊಂಬೆ, ಆನೆದಂತದ ಕೆತ್ತನೆ, ಬಣ್ಣದ ಗಾಜು ಅಂತ ನೋಡುವುದಕ್ಕೆ ಸಾಮಾನು ತುಂಬಿರುತ್ತದೆ. ಇಲ್ಲಿ ಕೋಣೆಗಳು ಬಹುಪಾಲು ಖಾಲಿ, ಹೊರಗಿನಿಂದ ಇಣುಕಬೇಕು ಅಷ್ಟೇ. ಗೈಡ್ ಇಲ್ಲದೆ ಹೋದ ನಮ್ಮ ಪರಿಚಯದವರು "ಎಲ್ಲ ಒಂದೇ ತರಹ ಇದೆ, ಅರ್ಧ ಗಂಟೆ ಸಾಕು" ಅಂದಿದ್ದರು. ನನಗೆ ಆ ಮಾತು ಸರಿ ಕಾಣುವುದಿಲ್ಲ, ಆದರೆ ಯಾಕೆ ಹಾಗಂದರು ಅಂತ ಅರ್ಥವಾಗುತ್ತದೆ.

ಕಾವಲುಗಾರರು ಬದಲಾಗುವ ಪ್ರದರ್ಶನ ಬೆಳಿಗ್ಗೆ 10ಕ್ಕೆ, ಮಧ್ಯಾಹ್ನ 2ಕ್ಕೆ ಇರುತ್ತದೆ. ಡೋಲು, ಬಾವುಟ, ಬಣ್ಣಬಣ್ಣದ ಸಮವಸ್ತ್ರ, ಚೆನ್ನಾಗಿದೆ. ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಗುನ್‌ಜೊಂಗ್‌ಜೊನ್, ಸಿಂಹಾಸನದ ಸಭಾಂಗಣ. ಅಂಗಳಕ್ಕೆ ಹಾಸಿದ ಕಲ್ಲುಗಳು ಬೇಕೆಂದೇ ಒರಟು. ಬಿಸಿಲು ಕಣ್ಣಿಗೆ ಹೊಡೆಯಬಾರದು, ಮಳೆಯಲ್ಲಿ ಜಾರಬಾರದು, ಅಧಿಕಾರಿಗಳು ತಲೆ ತಗ್ಗಿಸಿ ಹುಷಾರಾಗಿ ಹೆಜ್ಜೆ ಇಡಬೇಕು, ಅದಕ್ಕೇ ಅಂತ ಗೈಡ್ ಹೇಳಿದರು. ಚಿಮಾ ತೊಟ್ಟು ಆ ಕಲ್ಲಿನ ಮೇಲೆ ನಡೆದರೆ ಈ ಮಾತು ಕಾಲಿಗೇ ಗೊತ್ತಾಗುತ್ತದೆ. ಒಂದು ಕೈಯಲ್ಲಿ ಲಂಗ ಸ್ವಲ್ಪ ಎತ್ತಿ ಹಿಡಿಯಬೇಕು, ಕಣ್ಣು ಕೆಳಗಿರಬೇಕು, ಬೇಗ ನಡೆಯಲು ಆಗುವುದೇ ಇಲ್ಲ. ಟೂರ್‌ನಲ್ಲಿ ಬಟ್ಟೆ ಯಾಕೆ ಬೇಕು ಅಂತ ಕೇಳಿದರೆ ನನ್ನ ಉತ್ತರ ಈ ಅಂಗಳ. ನಡುವೆ ಮೂರು ಪಾಲಿನ ಕಲ್ಲುದಾರಿ, ಮಧ್ಯದ್ದು ಸ್ವಲ್ಪ ಎತ್ತರ, ಅದು ರಾಜನಿಗೆ ಮಾತ್ರ. ಎರಡೂ ಪಕ್ಕ ಸಣ್ಣ ಸಣ್ಣ ಕಂಬದಂಥ ಕಲ್ಲು ನೆಟ್ಟಿದ್ದಾರೆ, ಯಾವ ದರ್ಜೆಯವರು ಎಲ್ಲಿ ನಿಲ್ಲಬೇಕು ಅಂತ ಅದರ ಮೇಲೆ ಕೆತ್ತಿದೆ. ಪೂರ್ವಕ್ಕೆ ಆಡಳಿತದವರು, ಪಶ್ಚಿಮಕ್ಕೆ ಸೈನ್ಯದವರು. ಗೈಡ್ ನಮ್ಮನ್ನೆಲ್ಲ ಒಂದೊಂದು ಕಲ್ಲಿನ ಪಕ್ಕ ನಿಲ್ಲಿಸಿದರು. ನಮ್ಮನೆಯವರ ತಲೆಯ ಮೇಲೆ ಬಿದಿರು ಮತ್ತು ಕುದುರೆ ಕೂದಲಿನಿಂದ ಮಾಡುವ ಮಾದರಿಯ ಕಪ್ಪು ಟೋಪಿ, ಗಾತ್, ಇತ್ತು. ಅದು ಮನೆಯಲ್ಲೂ ಬೀದಿಯಲ್ಲೂ ಹಾಕುವುದು, ಆಸ್ಥಾನಕ್ಕೆ ಬರುವ ಅಧಿಕಾರಿಗೆ ಬೇರೆಯದೇ ಟೋಪಿ ಇರುತ್ತಿತ್ತು ಅಂತಲೂ ಹೇಳಿದರು. ಇಂಥ ಸಣ್ಣ ವಿಷಯಕ್ಕೇ ಗೈಡ್ ಬೇಕಾಗುವುದು, ಅಲ್ವಾ?

ಒಳಗೆ ಸಿಂಹಾಸನದ ಹಿಂದೆ ಸೂರ್ಯ, ಚಂದ್ರ, ಐದು ಶಿಖರಗಳ ಚಿತ್ರದ ಪರದೆ. ಜೋಸೊನ್ ರಾಜ ಎಲ್ಲಿ ಕೂತರೂ ಅವನ ಹಿಂದೆ ಇದು ಇರಲೇಬೇಕಿತ್ತು. ಬಾಗಿಲ ಹತ್ತಿರ ನೂಕುನುಗ್ಗಲು, ಆದರೂ ತಾಳ್ಮೆಯಿಂದ ಮುಂದೆ ಹೋಗಿ ಕತ್ತು ಎತ್ತಿ ನೋಡಿ. ಮಾಡಿನ ಒಳಗೆ ಎರಡು ಚಿನ್ನದ ಡ್ರ್ಯಾಗನ್, ಒಂದೊಂದು ಪಾದಕ್ಕೂ ಏಳು ಉಗುರು.

ಕೊಳದ ಮಧ್ಯದ ಗ್ಯೊಂಗ್‌ಹ್ವೇರು ಮಂಟಪ 48 ಕಲ್ಲಿನ ಕಂಬದ ಮೇಲೆ ನಿಂತಿದೆ, ಔತಣಕ್ಕೆ ಕಟ್ಟಿದ್ದು. ಎಲ್ಲರೂ ಫೋಟೋ ತೆಗೆಯುವ ಜಾಗ, ನಾವೂ ತೆಗೆದೆವು. ಹತ್ತಿರದಲ್ಲೇ ಇರುವ ಇನ್ನೊಂದು ಕಟ್ಟಡವನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ರಾಜ ಸೆಜೊಂಗ್ ವಿದ್ವಾಂಸರನ್ನು ಕೂರಿಸಿ ಕೆಲಸ ಮಾಡಿಸುತ್ತಿದ್ದ ಸಭೆ ಇದ್ದದ್ದು ಆ ಜಾಗದಲ್ಲಿ. ಕೊರಿಯನ್ ಲಿಪಿ 1443ರಲ್ಲಿ ತಯಾರಾಗಿ 1446ರಲ್ಲಿ ಜನರಿಗೆ ಬಂದಿದ್ದು ಅವನ ಕಾಲದಲ್ಲೇ. ಅವತ್ತು ನಮ್ಮ ಗೈಡ್ ದನಿ ಏರಿಸಿ ಮಾತಾಡಿದ್ದು ಅಲ್ಲಿ ಮಾತ್ರ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೊಗೆಗೂಡುಗಳು. ಕೋಣೆಯ ನೆಲದಡಿ ಬಿಸಿ ಹೊಗೆ ಹರಿಸಿ ಚಳಿಗಾಲದಲ್ಲಿ ನೆಲವನ್ನೇ ಬೆಚ್ಚಗಿಡುವ ಪದ್ಧತಿ ಅವರದು, ಓಂಡೋಲ್. ರಾಣಿಯ ಮನೆಯ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ತೋಟ, ಅದರಲ್ಲಿ ಆರು ಮೂಲೆಯ ಇಟ್ಟಿಗೆಯ ಹೊಗೆಗೂಡುಗಳು ನಿಂತಿವೆ. ಒಳಗಿನ ಹೊಗೆ ನೆಲದಡಿಯಿಂದ ಇಲ್ಲಿಗೆ ಬಂದು ಹೊರಗೆ ಹೋಗುತ್ತಿತ್ತು. ಹೊಗೆ ಹೋಗುವ ಕೊಳವೆಗೂ ಹೂವು, ಹಕ್ಕಿ, ಬಾವಲಿ ಎಲ್ಲ ಬಿಡಿಸಿದ್ದಾರೆ. ಅಮ್ಮ ಅಲ್ಲೇ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು, ಎಬ್ಬಿಸುವುದೇ ಕಷ್ಟವಾಯಿತು.

ಈಗ ದೂರು. ಅರಮನೆಯ ಹಿಂತುದಿಯಲ್ಲಿ ಗೊನ್‌ಚೊಂಗ್‌ಗುಂಗ್ ಅಂತ ಒಂದು ಭಾಗ ಇದೆ. 1887ರಲ್ಲಿ ಕೊರಿಯಾದಲ್ಲಿ ಮೊದಲ ಸಲ ಕರೆಂಟ್ ದೀಪ ಹತ್ತಿದ್ದು ಅಲ್ಲಿ. 1895ರ ಅಕ್ಟೋಬರ್ 8ರಂದು ಜಪಾನಿ ಹಂತಕರು ನುಗ್ಗಿ ರಾಣಿ ಮ್ಯೊಂಗ್‌ಸೊಂಗ್‌ಳನ್ನು ಕೊಂದದ್ದೂ ಅಲ್ಲೇ. ಮುಂದಿನ ವರ್ಷ ರಾಜ ಗೊಜೊಂಗ್ ಅರಮನೆ ಬಿಟ್ಟು ರಷ್ಯಾದ ದೂತಾವಾಸಕ್ಕೆ ಓಡಿಹೋಗಬೇಕಾಯಿತು. ಈ ಅರಮನೆಯ ಕಥೆಯಲ್ಲಿ ಇದಕ್ಕಿಂತ ಭಾರದ ಜಾಗ ಇನ್ನೊಂದಿಲ್ಲ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಬಟ್ಟೆ ವಾಪಸ್ ಕೊಡುವ ಟೈಮ್ ಆಗಿತ್ತು. ಗೈಡ್ ಎರಡು ಮಾತು ಹೇಳಿ, ಕೈಗಡಿಯಾರ ನೋಡಿ, ಹೊರಡಿಸಿಬಿಟ್ಟರು. ಅವರ ಮುಖದಲ್ಲೂ ಬೇಸರ ಕಾಣುತ್ತಿತ್ತು. ತಪ್ಪು ಟೂರ್ ಜೋಡಿಸಿದವರದು. ಅಂಗಡಿಯಲ್ಲಿ ಬಟ್ಟೆ ಆರಿಸುವುದಕ್ಕೆ, ಜಡೆ ಹಾಕುವುದಕ್ಕೆ ಹೋದ ಹೊತ್ತನ್ನೆಲ್ಲ ನಡಿಗೆಯ ಲೆಕ್ಕದಲ್ಲೇ ಕಳೆದಿದ್ದಾರೆ. ಗುಂಪೂ ದೊಡ್ಡದಿತ್ತು, ಹಿಂದೆ ಉಳಿದವರಿಗೆ ಮಾತು ಕೇಳಿಸುತ್ತಿರಲಿಲ್ಲ, ಕಿವಿಗೆ ಹಾಕುವ ಸಾಧನವನ್ನೂ ಕೊಟ್ಟಿರಲಿಲ್ಲ. ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ಇದು ಇನ್ನೂ ಕಷ್ಟ, ಅವರು ಯಾವಾಗಲೂ ಹಿಂದೆಯೇ ಇರುತ್ತಾರೆ.

ದುಡ್ಡು ಉಳಿಸಬೇಕು ಅನ್ನುವವರಿಗೆ ದಾರಿ ಇದೆ. ಅರಮನೆಯೇ ದಿನದಲ್ಲಿ ಕೆಲವು ಸಲ ಇಂಗ್ಲಿಷ್‌ನಲ್ಲಿ ಉಚಿತ ಗೈಡ್ ಸೇವೆ ಕೊಡುತ್ತದೆ. ಸಿಯೋಲ್ ನಗರಾಡಳಿತದ ಉಚಿತ ನಡಿಗೆಗಳೂ ಇವೆ, ಮೊದಲೇ ಕಾಯ್ದಿರಿಸಬೇಕು. ಬಟ್ಟೆ ನೀವೇ ನಾಲ್ಕು ಗಂಟೆಗೆ ಬಾಡಿಗೆ ಪಡೆದು ಇವುಗಳಿಗೆ ಸೇರಿಕೊಂಡರೆ ಅವಸರ ಇರುವುದಿಲ್ಲ. ಇನ್ನೊಂದು ಸಲ ಹೋದರೆ ನಾನು ಹೀಗೇ ಮಾಡುತ್ತೇನೆ, ಮತ್ತು ಚಾಂಗ್‌ಡೊಕ್‌ಗುಂಗ್‌ಗೆ ಒಂದು ಬೇರೆ ದಿನ ಇಡುತ್ತೇನೆ. ಅದು 1405ರದ್ದು, 1997ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದರ ಹಿತ್ತಿಲ ತೋಟದ ಟಿಕೆಟ್ ಬೇರೆ, ಬೇಗ ಮುಗಿದು ಹೋಗುತ್ತದೆ. ಗ್ಯೊಂಗ್‌ಬೊಕ್‌ಗುಂಗ್‌ಗೆ ಮಂಗಳವಾರ ರಜೆ, ಚಾಂಗ್‌ಡೊಕ್‌ಗುಂಗ್‌ಗೆ ಸೋಮವಾರ. ಎರಡರ ನಡುವೆ ಬುಕ್‌ಚೊನ್ ಅನ್ನುವ ಹಳೆ ಮನೆಗಳ ಬಡಾವಣೆ ಇದೆ, ಫೋಟೋಗೆ ಎಲ್ಲರೂ ಅಲ್ಲಿಗೂ ಹೋಗುತ್ತಾರೆ. ಅಲ್ಲಿ ಜನ ವಾಸವಿದ್ದಾರೆ. ಕೆಲವು ಬೀದಿಗಳಲ್ಲಿ ಸಂಜೆ 5ರಿಂದ ಬೆಳಿಗ್ಗೆ 10ರ ತನಕ ಪ್ರವಾಸಿಗರಿಗೆ ಪ್ರವೇಶವಿಲ್ಲ, 2025ರಿಂದ ದಂಡವೂ ಇದೆ, ದಯವಿಟ್ಟು ಆ ಟೈಮ್ ನೋಡಿಕೊಂಡು ಹೋಗಿ.

ಸಸ್ಯಾಹಾರಿಗಳು ಟೂರ್ ಮುಗಿದ ಕೂಡಲೇ ಊಟಕ್ಕೆ ಬಿಬಿಂಬಾಪ್ (ತರಕಾರಿ ಹಾಕಿ ಕಲಸಿ ತಿನ್ನುವ ಅನ್ನ) ಹುಡುಕಿ, ಮಾಂಸ ಮೊಟ್ಟೆ ಬೇಡ ಅಂತ ಗೈಡ್ ಕೈಯಲ್ಲಿ ಒಂದು ಚೀಟಿಯಲ್ಲಿ ಕೊರಿಯನ್‌ನಲ್ಲಿ ಬರೆಸಿಕೊಳ್ಳಿ. ಕಿಮ್ಚಿ ಅನ್ನುವ ಹುಳಿ ಬರಿಸಿದ ಕೋಸಿನ ಉಪ್ಪಿನಕಾಯಿಯಲ್ಲಿ ಸಾಮಾನ್ಯವಾಗಿ ಮೀನಿನ ಸಾಸ್ ಇರುತ್ತದೆ, ಅದನ್ನೂ ಸೇರಿಸಿಯೇ ಬರೆಸಿ.

ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಮೆಸೇಜ್ ಮಾಡಿ ಕೇಳಿ. ಗುಂಪಿನಲ್ಲಿ ಎಷ್ಟು ಜನ? ಬಟ್ಟೆ ಹಾಕುವ ಹೊತ್ತು ಟೂರ್ ಲೆಕ್ಕದಲ್ಲಿ ಸೇರಿದೆಯಾ? ಗೊನ್‌ಚೊಂಗ್‌ಗುಂಗ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ? ಮೂರನೆಯದಕ್ಕೆ ಸರಿಯಾದ ಉತ್ತರ ಕೊಟ್ಟವರನ್ನೇ ಆರಿಸಿ.