“ಗಾಳಿ ನೋಡಿ ಸರ್” ಎಂದರು, ನಾನೂ ತಲೆಯಾಡಿಸಿದೆ

ಹಳೆಯ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ನಗುವವರು ನಗಲಿ. 23,400 ರೂಪಾಯಿ ಎಣಿಸಿ ಕೊಟ್ಟು, ಕಾಯುವ ಎಂಜಿನ್ನನ್ನು ಇನ್ನಷ್ಟು ಕಾಯಿಸುವ ಏರ್ಪಾಟು ಮಾಡಿಸಿಕೊಂಡು ಬಂದವನು ನಾನು.

ಕಾರು 1965ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, 1798 ಸಿಸಿ. ಚಿಕ್ಕಮಗಳೂರಿನ ತೋಟದಲ್ಲಿದ್ದ ಸೋದರಮಾವನಿಂದ ನನಗೆ ಬಂದದ್ದು. ಶಿವಮೊಗ್ಗದ ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ ಹತ್ತು ನಿಮಿಷ ನಿಂತರೆ ಉಷ್ಣತೆಯ ಮುಳ್ಳು ಮೇಲೇರುತ್ತಿತ್ತು. ಇದ್ದ ತೊಂದರೆ ಇಷ್ಟೇ. ಘಾಟಿಯಲ್ಲಿ ಎಂದೂ ಕೈಕೊಟ್ಟಿರಲಿಲ್ಲ.

ಗ್ಯಾರೇಜಿನ ಹೆಸರು ಬರೆಯುವುದಿಲ್ಲ. “ಇಂಥ ಗಾಡಿಗಳೆಲ್ಲ ನಮಗೆ ನೀರು ಕುಡಿದ ಹಾಗೆ” ಎಂದರು ಯಜಮಾನರು. ರೇಡಿಯೇಟರ್ ಶುದ್ಧ ಮಾಡಿದರಂತೆ. ಹೊರಗೆ ಕಪ್ಪು ಬಣ್ಣ ಹೊಡೆದದ್ದಂತೂ ನಿಜ. ಬೆಲ್ಟಿನಿಂದ ತಿರುಗುತ್ತಿದ್ದ ಫ್ಯಾನ್ ಕಿತ್ತು, ಗುಜರಿಯಿಂದ ತಂದ ಎಲೆಕ್ಟ್ರಿಕ್ ಫ್ಯಾನನ್ನು ರೇಡಿಯೇಟರಿನ ಹಿಂದೆ ಕೂರಿಸಿದರು. ಎಂಜಿನ್ ಹದಕ್ಕೆ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟನ್ನು ತೆಗೆದೇ ಬಿಟ್ಟರು, ತೆಗೆದದ್ದಕ್ಕೂ 600 ರೂಪಾಯಿ ಬಿಲ್ಲು!

ಕಾರು ಕೊಡುವ ದಿನ ಫ್ಯಾನ್ ಚಾಲೂ ಮಾಡಿ ನನ್ನ ಕೈಯನ್ನು ಮುಂದಿನ ಜಾಲರಿಯ ಎದುರು ಹಿಡಿಸಿದರು. “ಗಾಳಿ ನೋಡಿ ಸರ್, ಹೇಗೆ ಬರುತ್ತಿದೆ!” ಬರುತ್ತಿತ್ತು, ಅಂಗೈಗೆ ಬೆಚ್ಚಗೆ ಬಡಿಯುತ್ತಿತ್ತು. ನಾನು ಭಲೇ ಎಂದು ತಲೆಯಾಡಿಸಿ, ಹುಡುಗನ ಕೈಗೆ 200 ರೂಪಾಯಿ ಖುಷಿಗೆಂದು ಕೊಟ್ಟು ಬಂದೆ. ರೇಡಿಯೇಟರಿನ ಹಿಂದಿರುವ ಫ್ಯಾನ್ ಹೊರಗಿನ ತಣ್ಣನೆಯ ಗಾಳಿಯನ್ನು ಒಳಗೆ ಎಳೆಯಬೇಕು. ಮುಂದಕ್ಕೆ ಊದಬಾರದು. ಇದು ಶಾಲೆಯ ಮಗುವಿಗೂ ಹೊಳೆಯುವ ಮಾತು. ನನಗೆ ಹೊಳೆಯಲಿಲ್ಲ. ಈಗಲೂ ರಾತ್ರಿ ನೆನಪಾದರೆ ಆ 200 ರೂಪಾಯಿಯೇ ಹೆಚ್ಚು ಚುಚ್ಚುತ್ತದೆ.

ತೀರ್ಥಹಳ್ಳಿ ದಾಟಿ ಆಗುಂಬೆ ಇಳಿದು ಉಡುಪಿಗೆ ಹೋಗುವವರೆಗೆ ಏನೂ ಆಗಲಿಲ್ಲ. ಓಡುವಾಗ ಎದುರು ಗಾಳಿಯೇ ಕೆಲಸ ಮಾಡಿಕೊಡುತ್ತದಲ್ಲ. ವಾಪಸು ಬರುವಾಗ ಸೋಮೇಶ್ವರದಿಂದ ಏರು ಶುರು, ಎರಡನೆಯ ಗೇರು, ಮುಳ್ಳು ಸರಸರನೆ ಮೇಲೆ. ಆರನೆಯದೋ ಏಳನೆಯದೋ ತಿರುವಿನಲ್ಲಿ ಬಾನೆಟ್ಟಿನಿಂದ ಬುಸ್ ಎಂದು ಹಬೆ. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಮಂಗಗಳು ಕೂಡ ಎದ್ದು ಹೋದವು.

ಜೀಪು ನಿಲ್ಲಿಸಿ ನೀರಿನ ಕ್ಯಾನು ಹಿಡಿದು ಬಂದವರೊಬ್ಬರು, ಎಂಜಿನ್ ಆರುವ ತನಕ ಫ್ಯಾನ್ ತಿರುಗಲಿ ಎಂದರು. ಜಾಲರಿಗೆ ಒಂದು ಹಾಳೆ ಪೇಪರ್ ಒಡ್ಡಿದರು. ಪೇಪರ್ ಅಂಟಿಕೊಳ್ಳಬೇಕಿತ್ತು, ಹಾರಿ ನನ್ನ ಮುಖಕ್ಕೆ ಬಡಿಯಿತು. “ಇದು ಉಲ್ಟಾ ತಿರುಗುತ್ತಿದೆ ಮಾರಾಯರೇ!”

ಆಗ ಮಾವನ ಮಾತು ನೆನಪಾಯಿತು: ಇದರ ಮೈಗೆ ಪ್ಲಸ್, ಮರೆಯಬೇಡ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತುದಿ ಕಾರಿನ ಮೈಗೆ ಸೇರಿರುತ್ತದೆ. 1967ಕ್ಕಿಂತ ಹಿಂದಿನ ಎಂಜಿಬಿಗಳಲ್ಲಿ ಪ್ಲಸ್. ಗ್ಯಾರೇಜಿನವರು ಅದನ್ನು ನೋಡದೆ ರೂಢಿಯ ಹಾಗೆ ಫ್ಯಾನಿನ ವೈರು ಸೇರಿಸಿದ್ದರು, ಮೋಟಾರು ಹಿಂದುಮುಂದಾಗಿ ತಿರುಗುತ್ತಿತ್ತು. ಅಲ್ಲೇ ಎರಡು ವೈರು ಅದಲುಬದಲು ಮಾಡಿದೆವು. ಐದು ನಿಮಿಷ. ಆ ಪುಣ್ಯಾತ್ಮರು ಒಂದು ಪೈಸೆ ಮುಟ್ಟಲಿಲ್ಲ.

ಮರುದಿನ ಗ್ಯಾರೇಜಿಗೆ ಫೋನು ಮಾಡಿದೆ. ಉತ್ತರಗಳನ್ನು ಕೇಳಿ:

“ಹಳೆಯ ಗಾಡಿ ಎಂದ ಮೇಲೆ ಬಿಸಿ ಆಗದೆ ಇರುತ್ತದೆಯೇ ಸರ್?”

“ಘಾಟಿ ಹತ್ತಿಸುತ್ತೀರಿ ಎಂದು ಮೊದಲೇ ಹೇಳಬೇಕಿತ್ತು.” ಶಿವಮೊಗ್ಗದಲ್ಲಿ ಗ್ಯಾರೇಜು ಇಟ್ಟುಕೊಂಡವರು ಹೇಳುವ ಮಾತೇ ಇದು? ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ ಆಗುಂಬೆ, ಹುಲಿಕಲ್ ಬಿಟ್ಟು ಇನ್ನೇನು ಸಿಗುತ್ತದೆ?

“ಗಾಳಿ ನೀವೇ ಕೈಯಿಟ್ಟು ನೋಡಿದಿರಲ್ಲ, ಆಗ ಏಕೆ ಹೇಳಲಿಲ್ಲ?” ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅದಕ್ಕೇ ಇಷ್ಟು ಸಿಟ್ಟು.

ಕಡೆಗೆ, “ತನ್ನಿ, ವೈರು ಸರಿಮಾಡಿ ಕೊಡುತ್ತೇವೆ, 500 ಆಗುತ್ತದೆ.”

ಫ್ಯಾನ್ ಹಾಕಿಸಿದವರು ಒಂದು ಹಾಳೆ ಪೇಪರ್ ಹಿಡಿದುಕೊಂಡೇ ಗಾಡಿ ಬಿಡಿಸಿಕೊಳ್ಳಿ. ಕಿತ್ತ ಸಾಮಾನನ್ನು ಬಿಟ್ಟು ಬರಬೇಡಿ. ಥರ್ಮೋಸ್ಟಾಟ್ ತೆಗೆದರೆ ತಂಪು ಎನ್ನುವವರನ್ನು ನಂಬಬೇಡಿ, ಮಳೆಗಾಲದ ನಮ್ಮ ಚಳಿಯಲ್ಲಿ ಎಂಜಿನ್ ಹದವಾಗಿ ಬಿಸಿಯೇ ಆಗುವುದಿಲ್ಲ, ಪೆಟ್ರೋಲು ಕುಡಿಯುತ್ತದೆ. ನನ್ನದು 82 ಡಿಗ್ರಿಗೆ ತೆರೆದುಕೊಳ್ಳುವಂಥದು, ಚೆನ್ನಾಗಿಯೇ ಇತ್ತು. ವಾಪಸು ಕೊಡಿ ಎಂದರೆ ಗುಜರಿಗೆ ಹೋಯಿತು ಎನ್ನುತ್ತಾರೆ. ಹೊಸದಕ್ಕೆ ಹಣ ಕಟ್ಟಿ ಕಾಯುತ್ತಿದ್ದೇನೆ, ಕಾರು ಕೊಟ್ಟಿಗೆಯಲ್ಲಿದೆ.