ಟವರ್‌ಗೆ ಎಳೆಯೋ ಕೇಬಲ್: ಯುಐಎಸ್‌ಪಿ ಕೇಬಲ್ ಪ್ರೊ ತಗೋಬಹುದಾ?

ನೇರವಾಗಿ ಹೇಳಿಬಿಡುತ್ತೇನೆ. ಟವರ್ ಮೇಲಿನ ಇಂಟರ್ನೆಟ್ ರೇಡಿಯೋಗೆ ನೆಟ್‌ವರ್ಕ್ ಕೇಬಲ್ ಎಳೆಯುವುದಿದ್ದರೆ ಯುಬಿಕ್ವಿಟಿ ಕಂಪನಿಯ ಯುಐಎಸ್‌ಪಿ ಕೇಬಲ್ ಪ್ರೊಗೆ ಕೊಟ್ಟ ದುಡ್ಡು ದಂಡವಲ್ಲ. ಮನೆಯೊಳಗೆ ಗೋಡೆಗುಂಟ ಹೊಡೆಯಲು ಇದನ್ನು ತಂದರೆ ಮಾತ್ರ ದಂಡವೇ. ಮೊದಲು ಟಫ್‌ಕೇಬಲ್ ಅನ್ನುತ್ತಿದ್ದರಲ್ಲ, ಆ ಸಾಲಿನದೇ ಈಗಿನ ಹೆಸರು ಇದು. ಬಾಕ್ಸ್‌ಗೆ 305 ಮೀಟರ್.

ನಾನು ಕೆಲಸ ಮಾಡೋದು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ. ಪೇಟೆಗೆ ಫೈಬರ್ ಬಂದಿದೆ ನಿಜ, ಆದರೆ ಒಳಗಿನ ಎಷ್ಟೋ ಒಂಟಿ ಮನೆಗಳಿಗೆ ಇವತ್ತಿಗೂ ಗುಡ್ಡದಿಂದ ಗುಡ್ಡಕ್ಕೆ ಹಾಕಿದ 5 ಗಿಗಾಹರ್ಟ್ಸ್ ವೈರ್‌ಲೆಸ್ ಲಿಂಕೇ ಗತಿ. ತೋಟದ ಮೇಲ್ಗಡೆ ಮರಗಳ ತಲೆ ದಾಟುವ ಹಾಗೆ ಮೂರು ಕಾಲಿನ ಟವರ್ ನಿಲ್ಲಿಸಿ, ತುದಿಗೆ ಡಿಶ್ ಕಟ್ಟಿ, ಅಲ್ಲಿಂದ ಮನೆಯವರೆಗೆ ಒಂದು ಕೇಬಲ್. ಏಪ್ರಿಲ್, ಮೇನಲ್ಲಿ ಸಿಡಿಲು. ಜೂನ್‌ನಿಂದ ಶುರುವಾದರೆ ಬಿಡದ ಮಳೆ. ಆ ಮಳೆಯಲ್ಲಿ ಲಿಂಕ್ ಹೋದರೆ ಟವರ್ ಹತ್ತುವವರನ್ನು ಎಲ್ಲಿಂದ ತರೋದು? ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಎತ್ತರದ ಹೆದರಿಕೆ ಇಲ್ಲ, ಆದರೆ "ಬೆಲ್ಟ್ ಹಾಕ್ಕೊಳ್ಳೋ ಮಾರಾಯ" ಅಂದರೆ ನಗುತ್ತಾನೆ. ಬೆಲ್ಟ್ ಇಲ್ಲದೆ ನಾನಂತೂ ಯಾರನ್ನೂ ಹತ್ತಿಸುವುದಿಲ್ಲ. ಹಾಗಾಗಿ ಕೇಬಲ್‌ನ ರೇಟು ನೋಡುವಾಗ ಇನ್ನೊಂದು ಸಲ ಮೇಲೆ ಹತ್ತುವ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಇನ್ನು ಕೇಬಲ್ ಒಳಗೇನಿದೆ ನೋಡೋಣ. ಮೇಲಿನ ಕಪ್ಪು ಸಿಪ್ಪೆ ಪಿವಿಸಿ ಅಲ್ಲ, ಪಾಲಿಥಿಲೀನ್. ಬೆರಳಲ್ಲಿ ಉಜ್ಜಿದರೆ ಸ್ವಲ್ಪ ಜಾರಿದ ಹಾಗೆ, ಮೇಣ ಸವರಿದ ಹಾಗೆ ಅನ್ನಿಸುತ್ತದೆ. ಬ್ಲೇಡಿನಿಂದ ಸುತ್ತ ಗೀರಿ ಎಳೆದರೆ ಬೆಳ್ಳಿ ಬಣ್ಣದ ಫಾಯಿಲ್ (ಇದೇ ಶೀಲ್ಡ್, ಹೊರಗಿನ ಸಿಗ್ನಲ್ ತಡೆಯುವ ಪೊರೆ), ಅದರ ಜೊತೆಗೇ ಓಡುವ ಬರಿ ತಂತಿ ಒಂದು (ಇದೇ ಡ್ರೈನ್ ವೈರ್, 26 ಗೇಜ್; ಗೇಜ್ ಅಂದರೆ ತಂತಿಯ ದಪ್ಪದ ಅಳತೆ, ನಂಬರ್ ಹೆಚ್ಚಿದಷ್ಟೂ ತೆಳು), ಒಳಗೆ 24 ಗೇಜಿನ ತಾಮ್ರದ ನಾಲ್ಕು ಜೋಡಿ. ಇದೇ ಸಾಲಿನಲ್ಲಿ ಕ್ಯಾರಿಯರ್ ಅಂತ ಇನ್ನೊಂದು ಕೇಬಲ್ ಬರುತ್ತದೆ, ಅದಕ್ಕೆ ಶೀಲ್ಡ್ ಜಾಸ್ತಿ, ಜೋಡಿಗಳ ನಡುವೆ ಡಿವೈಡರ್ ಬೇರೆ. ಒಂದೇ ಟವರ್ ಮೇಲೆ ಹತ್ತಾರು ರೇಡಿಯೋ ಇರುವವರಿಗೆ, ಪಕ್ಕದಲ್ಲೇ ಎಫ್ಎಂ ಟ್ರಾನ್ಸ್‌ಮಿಟರ್ ಇರುವವರಿಗೆ ಅದು ಸರಿ. ತೋಟದ ಮನೆಗೆ ಪ್ರೊ ಧಾರಾಳ ಸಾಕು.

ನೆಟ್‌ವರ್ಕ್ ಕೇಬಲ್‌ನ ದರ್ಜೆಗೆ ಕ್ಯಾಟ್ ಅನ್ನುತ್ತಾರೆ, ಪ್ರೊ ಕ್ಯಾಟ್ 5ಇ ದರ್ಜೆಯದು. ಇಷ್ಟು ದುಡ್ಡು ಯಾಕೆ, ಅರ್ಧ ರೇಟಿಗೆ "ಔಟ್‌ಡೋರ್ ಕ್ಯಾಟ್ 6" ಸಿಗುತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಸಿಗುತ್ತದೆ, ನೋಡಿದ್ದೇನೆ. ಬೆಂಗಳೂರಿನ ಒಂದು ಅಂಗಡಿಯಿಂದ ಅಂಥದ್ದೇ ಬಾಕ್ಸ್ ಬಂದಿತ್ತು, ಮೇಲೆಲ್ಲ ಚೆಂದದ ಪ್ರಿಂಟ್. ಒಳಗಿನ ತಂತಿಯನ್ನು ಬ್ಲೇಡಿನಿಂದ ಹೆರೆದರೆ ತಾಮ್ರದ ಬಣ್ಣ ಹೋಗಿ ಬಿಳಿ ಹೊಳಪು. ಅಂದರೆ ಸಿಸಿಎ, ಅಲ್ಯೂಮಿನಿಯಂಗೆ ತಾಮ್ರದ ತೆಳು ಲೇಪ. ಕ್ಯಾಟ್ 5ಇ, ಕ್ಯಾಟ್ 6 ಸ್ಟ್ಯಾಂಡರ್ಡ್ ಕೇಳೋದು ಪೂರ್ತಿ ತಾಮ್ರವನ್ನ, ಆದ್ದರಿಂದ ಅಂಥದ್ದಕ್ಕೆ ಕ್ಯಾಟ್ 6 ಅನ್ನೋ ಹೆಸರೇ ಸುಳ್ಳು. ಅಂಗಡಿಯಲ್ಲಿ ಬ್ಲೇಡ್ ಹಾಕಲು ಬಿಡದಿದ್ದರೆ ತೂಕ ನೋಡಿ. 24 ಗೇಜಿನ ಎಂಟು ತಂತಿ 305 ಮೀಟರ್ ಉದ್ದಕ್ಕೆ ತಾಮ್ರ ಮಾತ್ರವೇ ಸುಮಾರು ನಾಲ್ಕೂವರೆ ಕೆಜಿ ಆಗುತ್ತದೆ. ಅದೇ ಸಿಸಿಎ ಆದರೆ ಎರಡು ಕೆಜಿಯೂ ಇರಲ್ಲ. ಸಿಪ್ಪೆ, ಪ್ಲಾಸ್ಟಿಕ್ಕು, ರಟ್ಟು ಎಲ್ಲ ಸೇರಿಯೂ ಬಾಕ್ಸ್ ಐದು ಕೆಜಿ ತೂಗದಿದ್ದರೆ ಸುಮ್ನೆ ವಾಪಸ್ ಕೊಟ್ಟು ಬನ್ನಿ.

ಅಲ್ಯೂಮಿನಿಯಂ ಆದರೆ ಏನೀಗ? ಡೇಟಾ ಒಂದೇ ಆದರೆ ಹೇಗೋ ಓಡೀತು. ಆದರೆ ರೇಡಿಯೋಗೆ ಕರೆಂಟೂ ಇದೇ ಕೇಬಲ್‌ನಲ್ಲಿ ಹೋಗಬೇಕಲ್ವಾ? ನಮ್ಮ ಕಡೆ ಜಾಸ್ತಿ ಇರೋದು 24 ವೋಲ್ಟ್‌ನ ಪಾಸಿವ್ ಪಿಒಇ (ಡೇಟಾ ಕೇಬಲ್‌ನಲ್ಲೇ ನೇರವಾಗಿ ಕರೆಂಟ್ ಕೊಡುವ ಪದ್ಧತಿ), ಕನೆಕ್ಟರ್‌ನ 4-5ನೇ ಪಿನ್ನಿನಲ್ಲಿ ಪ್ಲಸ್, 7-8ರಲ್ಲಿ ಮೈನಸ್. ಎಂಟೂವರೆ ವಾಟ್ ತಿನ್ನುವ ರೇಡಿಯೋಗೆ 60 ಮೀಟರ್ ಕೇಬಲ್ ಎಳೆದಿದ್ದೀರಿ ಅಂದುಕೊಳ್ಳಿ. ತಾಮ್ರದಲ್ಲಿ ದಾರಿಯಲ್ಲೇ ಕಳೆದುಹೋಗೋದು 1.8 ವೋಲ್ಟ್ ಹತ್ತಿರ, ಸಿಸಿಎಯಲ್ಲಿ 2.8ರ ಹತ್ತಿರ. ಒಂದು ವೋಲ್ಟ್ ಏನು ಮಹಾ ಅನ್ನಿಸಬಹುದು. ನಿಜವಾದ ತೊಂದರೆ ಇರೋದು ಕನೆಕ್ಟರ್ ಹತ್ತಿರ. ಕ್ರಿಂಪ್ ಮಾಡುವಾಗ (ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ) ಪಿನ್ನು ಆ ತೆಳು ಲೇಪವನ್ನು ಸೀಳಿಕೊಂಡು ಒಳಗಿನ ಅಲ್ಯೂಮಿನಿಯಂಗೆ ಇಳಿಯುತ್ತದೆ, ಅಲ್ಲಿಗೆ ಮಳೆಗಾಲದ ಥಂಡಿ ತಾಗುತ್ತದೆ, ಬಿಳಿ ಪುಡಿ ಕಟ್ಟುತ್ತದೆ, ಆಮೇಲೆ ರೇಡಿಯೋ ಸಂಜೆ ಎಲ್ಲರೂ ವಿಡಿಯೋ ನೋಡುವ ಹೊತ್ತಿಗೆ ಸರಿಯಾಗಿ ರೀಸ್ಟಾರ್ಟ್ ಆಗಲು ಶುರು ಮಾಡುತ್ತದೆ, ಮತ್ತೆ ನೀವು ರೇಡಿಯೋ ಕೆಟ್ಟಿದೆ ಅಂತ ಹೊಸ ರೇಡಿಯೋ ತರುತ್ತೀರಿ. ಗಿಗಾಬಿಟ್ ಇದ್ದ ಪೋರ್ಟ್ ತಾನಾಗಿ 100 ಮೆಗಾಬಿಟ್‌ಗೆ ಇಳಿದರೂ ಮೊದಲು ಕೇಬಲ್ ನೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು, ಅದಕ್ಕೇ ಹಾಗಾಗೋದು.

ಪ್ರೊ ಬಗ್ಗೆ ತಕರಾರು ಇಲ್ಲವಾ? ಇದೆ. ಶೀಲ್ಡ್ ಇರುವ ಲೋಹದ ಕನೆಕ್ಟರ್ ಬೇರೆಯೇ ಕೊಳ್ಳಬೇಕು, ಮತ್ತೆ ಅದಿಲ್ಲದೆ ಈ ಕೇಬಲ್ ತಂದು ಪ್ರಯೋಜನ ಇಲ್ಲ. ಡ್ರೈನ್ ವೈರ್‌ನ್ನ ಹಿಂದಕ್ಕೆ ಮಡಚಿ ಕನೆಕ್ಟರ್‌ನ ಲೋಹಕ್ಕೆ ತಾಗುವ ಹಾಗೆ ಕೂರಿಸಬೇಕು. ಎಷ್ಟೋ ಜನ ಅದನ್ನು ಕತ್ತರಿಸಿ ಎಸೆದು, ಸಾದಾ ಪ್ಲಾಸ್ಟಿಕ್ ಕನೆಕ್ಟರ್ ಹಾಕಿ, ಶೀಲ್ಡೆಡ್ ಕೇಬಲ್ ಹಾಕಿದ್ದೇವೆ ಅಂತ ಬಿಲ್ ಮಾಡುತ್ತಾರೆ. ಗಾಳಿಗೆ ಟವರ್ ಮೇಲೆ ಸೇರುವ ಸ್ಟ್ಯಾಟಿಕ್ ನೆಲಕ್ಕೆ ಹೋಗಲಿ ಅಂತಲೇ ಆ ತಂತಿ ಇರೋದು. ಕೆಳಗಡೆ ಪಿಒಇ ಅಡಾಪ್ಟರ್‌ಗೆ ಮೂರು ಪಿನ್ನಿನ ಪ್ಲಗ್ ಇದ್ದು, ಮನೆಯ ಅರ್ಥಿಂಗ್ ಹೆಸರಿಗಷ್ಟೇ ಇದ್ದರೆ ಅಲ್ಲೂ ಎಲ್ಲ ವ್ಯರ್ಥ. ಟವರ್ ಬುಡಕ್ಕೆ ಒಂದು ಅರ್ಥ್ ರಾಡ್, ಕೇಬಲ್‌ಗೆ ಮೇಲೊಂದು ಕೆಳಗೊಂದು ಸರ್ಜ್ ಪ್ರೊಟೆಕ್ಟರ್ (ಸಿಡಿಲಿನಿಂದ ಏರುವ ವೋಲ್ಟೇಜನ್ನು ನೆಲಕ್ಕೆ ಕಳಿಸುವ ಸಾಧನ), ಮನೆಯ ಅರ್ಥಿಂಗ್‌ಗೂ ಟವರ್ ಅರ್ಥಿಂಗ್‌ಗೂ ಜೋಡಣೆ, ಇಷ್ಟು ಮಾಡಿ. ಸಿಡಿಲು ನೇರ ಟವರ್‌ಗೇ ಬಡಿದರೆ ಯಾವ ಕಂಪನಿಯ ಕೇಬಲ್ಲೂ ಉಳಿಸಲ್ಲ, ಅದು ಬೇರೆ ಮಾತು. ಆದರೆ ಹತ್ತಿರದಲ್ಲೆಲ್ಲೋ ಬಡಿದಾಗ ಪೋರ್ಟ್ ಸುಡೋದು ಬಹಳ ಕಡಿಮೆಯಾಗುತ್ತದೆ.

ನೀರಿನ ವಿಷಯದಲ್ಲಿ ಕೇಬಲ್‌ಗಿಂತ ಕಟ್ಟುವವನ ಕೈ ಮುಖ್ಯ. ಮೇಲ್ಗಡೆ ಸಿಪ್ಪೆ ಒಂದು ಕಡೆ ಸೀಳಿದರೂ ನೀರು ಒಳಗಿಂದಲೇ ಇಳಿದು ಮನೆಯೊಳಗಿನ ಅಡಾಪ್ಟರ್‌ನಲ್ಲಿ ತೊಟ್ಟಿಕ್ಕುತ್ತದೆ. ಗೋಡೆಯ ತೂತಿಗೆ ಹೋಗುವ ಮುಂಚೆ, ರೇಡಿಯೋ ಹತ್ತಿರವೂ, ಕೇಬಲ್ ಒಮ್ಮೆ ಕೆಳಕ್ಕೆ ಬಾಗಿ ಮೇಲೇರುವ ಹಾಗೆ ಬಿಡಿ. ನೀರು ಆ ಬಾಗಿನಲ್ಲೇ ಉದುರಿಹೋಗುತ್ತದೆ. ಕೇಬಲ್ ಕಟ್ಟಲು ಬಿಳಿ ಪ್ಲಾಸ್ಟಿಕ್ ಟೈ ಬೇಡ, ಬಿಸಿಲಿಗೆ ಪಟಪಟ ಮುರಿಯುತ್ತದೆ, ಬಿಸಿಲು ತಡೆಯುವ ಕಪ್ಪು ಯುವಿ ಟೈ ಹಾಕಿ. ಮೀಟರ್‌ಗೊಂದರಂತೆ, ಉಸಿರು ಕಟ್ಟಿಸದ ಹಾಗೆ. ಬುಡದಲ್ಲಿ ಇಲಿ, ಹೆಗ್ಗಣ ಕಡಿಯದ ಹಾಗೆ ಎಚ್‌ಡಿಪಿಇ ಪೈಪಿನೊಳಗೆ ತೂರಿಸಿ. ತೋಟದ ಮನೆಯಲ್ಲಿ ಪೈಪಿನ ತುಂಡಿಗೇನು ಬರ?

ಜೆಲ್ ತುಂಬಿದ ಕೇಬಲ್ ಒಳ್ಳೇದಲ್ವಾ ಅಂತ ಕೇಳುವವರಿಗೆ: ನೆಲದಲ್ಲಿ ಹೂಳಲು ಒಳ್ಳೇದು. ನೆಟ್ಟಗೆ ನಿಂತ ಟವರ್‌ನಲ್ಲಿ ಬಿಸಿಲಿಗೆ ಆ ಜೆಲ್ಲೇ ಕೆಳಗಿಳಿದು ಬರಬಹುದು, ಕ್ರಿಂಪ್ ಮಾಡುವಾಗ ಕೈಯೆಲ್ಲ ಅಂಟು. ಕ್ಯಾಟ್ 6 ಬೇಕೇ ಅಂದರೆ, ಗಿಗಾಬಿಟ್ ಕ್ಯಾಟ್ 5ಇಯಲ್ಲೇ 100 ಮೀಟರ್ ಓಡುತ್ತದೆ. ಆ ದುಡ್ಡನ್ನು ಸರ್ಜ್ ಪ್ರೊಟೆಕ್ಟರ್‌ಗೆ ಹಾಕಿ.

ಒಂದೇ ಟವರ್ ಇದ್ದವರು ಇಡೀ ಬಾಕ್ಸ್ ತರಬೇಕಿಲ್ಲ, ಕೆಲವು ಅಂಗಡಿಯವರು ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಮಧ್ಯೆ ಜೋಡಿಸಿದ ತುಂಡು ಮಾತ್ರ ತಗೋಬೇಡಿ, ಟವರ್‌ಗೆ ಒಂದೇ ಎಳೆ ಇರಬೇಕು. ಇನ್ನು ಟವರ್‌ನಿಂದ ಮನೆಗೆ ಒಟ್ಟು ಉದ್ದ 100 ಮೀಟರ್ ದಾಟುವುದಾದರೆ ಈ ಕೇಬಲ್ ಆಸೆ ಬಿಡಿ. ಅಲ್ಲಿಗೆ ಫೈಬರ್ ಎಳೆದು, ಕರೆಂಟ್‌ಗೆ ಬೇರೆ ವೈರ್ ಹಾಕಿ, ಟವರ್ ಬುಡದಲ್ಲಿ ಒಂದು ಡಬ್ಬಿಯೊಳಗೆ ನೆಟ್‌ವರ್ಕ್ ಸ್ವಿಚ್ ಇಡೋದೇ ಸರಿ. ಡಬ್ಬಿಯ ತೂತುಗಳನ್ನ ಸರಿಯಾಗಿ ಮುಚ್ಚಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ.