ಏಜೆಂಟ್ "ಕನೆಕ್ಷನ್ ಫ್ಲೈಟ್" ಅಂದ ಕೂಡಲೇ ನಂಬಬೇಡಿ, ಪಿಎನ್‌ಆರ್ (ಟಿಕೆಟ್ ಮೇಲಿನ ಆರು ಅಕ್ಷರದ ಬುಕಿಂಗ್ ನಂಬರ್) ಒಂದೇನಾ ಅಂತ ಮೊದಲು ಕೇಳಿ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ನಾಚಿಕೆ ಆಗುತ್ತಿತ್ತು. ಟಿಕೆಟ್ ವಿಷಯ ಪೂರ್ತಿ ನೋಡಿಕೊಂಡದ್ದು ನಾನೇ. ಏಜೆಂಟ್ ಹತ್ತಿರ ಮಾತಾಡಿದ್ದು ನಾನೇ. "ಎಲ್ಲ ಸರಿ ಉಂಟು, ನೀವು ಸುಮ್ನೆ ಬನ್ನಿ" ಅಂತ ಅತ್ತೆಗೆ ಹೇಳಿದ್ದೂ ನಾನೇ. ಆದರೆ ಮೊನ್ನೆ ಒಂದು ವಿಷಯ ಗೊತ್ತಾಯಿತು, ಅದಾದ ಮೇಲೆ ಬಾಯಿ ಮುಚ್ಚಿ ಕೂತರೆ ತಪ್ಪಾಗುತ್ತದೆ ಅನಿಸಿತು. ಅದನ್ನು ಕೊನೆಗೆ ಹೇಳುತ್ತೇನೆ.

ನಾವು ಕಾಸರಗೋಡಿನವರು. ಮಾವ ಹೋಗಿ ಒಂದು ವರ್ಷ ಆಗಿತ್ತು. ಕಾಶಿಯಲ್ಲಿ ಅವರ ಕಾರ್ಯ ಮಾಡಬೇಕು, ಹಾಗೇ ಪ್ರಯಾಗ, ಅಯೋಧ್ಯೆ ನೋಡಿ ಬರಬೇಕು ಅಂತ ಅತ್ತೆಗೆ ಆಸೆ. ಅವರಿಗೆ 74 ವರ್ಷ, ಮಂಡಿ ನೋವು, ರೈಲಿನಲ್ಲಿ ಎರಡು ದಿನ ಕೂರಲು ಆಗುವುದಿಲ್ಲ. ನಾನು, ನನ್ನ ಗಂಡ, ಇಬ್ಬರು ಮಕ್ಕಳು, ಅತ್ತೆ, ಒಟ್ಟು ಐದು ಜನ. ಮಂಗಳೂರಿನಿಂದ ಮುಂಬೈ, ಮುಂಬೈಯಿಂದ ವಾರಾಣಸಿ. ಬರುವಾಗ ಲಖನೌದಿಂದ ಬೆಂಗಳೂರು, ಅಲ್ಲಿಂದ ಮಂಗಳೂರು. ನಡುವೆ ಐದು ದಿನಕ್ಕೆ ಒಂದು ಇನ್ನೋವಾ.

ಏಜೆಂಟ್ ಹೊಸಬ ಅಲ್ಲ. ಪೇಟೆಯಲ್ಲಿ ವರ್ಷಗಳಿಂದ ಗಲ್ಫ್ ಟಿಕೆಟ್ ಮಾಡುವವನು. ನಮ್ಮ ಕಡೆ ಪ್ರತಿ ಮನೆಯಲ್ಲೂ ಒಬ್ಬರು ದುಬೈಯಲ್ಲೋ ದೋಹಾದಲ್ಲೋ ಇರುತ್ತಾರೆ, ಅವರೆಲ್ಲ ಇಂಥವರ ಹತ್ತಿರವೇ ಟಿಕೆಟ್ ಮಾಡುವುದು. ನನ್ನ ಮೈದುನನೂ ಅವನ ಹತ್ತಿರವೇ ಮಾಡುತ್ತಿದ್ದ, ಯಾವತ್ತೂ ತೊಂದರೆ ಆಗಿರಲಿಲ್ಲ. ಹಾಗಾಗಿ ನಾನು ಹೆಚ್ಚು ಪ್ರಶ್ನೆ ಕೇಳಲಿಲ್ಲ. ಕೇಳಿದ್ದು ಒಂದೇ. "ಮುಂಬೈಯಲ್ಲಿ ಟೈಮ್ ಸಾಕಾಗ್ತದಾ? ಅತ್ತೆಗೆ ವೀಲ್‌ಚೇರ್ ಬೇಕು" ಅಂದೆ. ಅವನು ಹೇಳಿದ್ದು, "ಅಕ್ಕ, ಕನೆಕ್ಷನ್ ಫ್ಲೈಟ್ ಅಲ್ವಾ, ಎರಡು ಗಂಟೆ ಇಪ್ಪತ್ತು ನಿಮಿಷ ಉಂಟು. ಆರಾಮಾಗಿ ಚಾ ಕುಡಿದು ಹೋಗ್ಬಹುದು. ಟೆನ್ಶನ್ ಮಾಡ್ಬೇಡಿ." ಇದೇ ಮಾತು. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಈಗಲೂ ನನ್ನ ಹತ್ತಿರ ಉಂಟು. ಕನೆಕ್ಷನ್ ಫ್ಲೈಟ್ ಅಂತಲೇ ಹೇಳಿದ್ದು.

ಬೆಳಗಿನ ಜಾವ ಮೂರಕ್ಕೆ ಮನೆ ಬಿಟ್ಟೆವು. ತಲಪಾಡಿ ದಾಟಿ, ಮಂಗಳೂರು ದಾಟಿ ಬಜ್ಪೆಗೆ ಸರಿಯಾದ ಸಮಯಕ್ಕೆ ಮುಟ್ಟಿದೆವು. 7:10ರ ವಿಮಾನ, ಮುಂಬೈಗೆ 8:45ಕ್ಕೆ. ಮುಂದಿನದ್ದು 11:05ಕ್ಕೆ. ಬಜ್ಪೆ ಕೌಂಟರಿನಲ್ಲಿ ಬ್ಯಾಗ್ ಕೊಡುವಾಗ ಹುಡುಗಿ ಟ್ಯಾಗ್ ಅಂಟಿಸಿದಳು. ನಾನು ಕೇಳಿದೆ, "ಇದು ವಾರಾಣಸಿಯಲ್ಲಿ ಸಿಗ್ತದಲ್ಲಾ?" ಅವಳು ಸ್ಕ್ರೀನ್ ನೋಡಿ, "ಇಲ್ಲ ಮೇಡಂ, ಮುಂಬೈವರೆಗೆ ಮಾತ್ರ" ಅಂದಳು. ಹಿಂದೆ ಕ್ಯೂ ಇತ್ತು, ಅತ್ತೆಯ ವೀಲ್‌ಚೇರ್ ಬರಬೇಕಿತ್ತು, ಸಣ್ಣವಳಿಗೆ ಬಾತ್‌ರೂಮ್ ಹೋಗಬೇಕಿತ್ತು. ಮುಂಬೈಯಲ್ಲಿ ತೆಗೆದು ಮತ್ತೆ ಹಾಕಬೇಕೇನೋ ಅಂದುಕೊಂಡು ಬಂದೆ. ಅಲ್ಲೇ ನನಗೆ ಹೊಳೆಯಬೇಕಿತ್ತು. ಒಂದೇ ಟಿಕೆಟ್ ಆಗಿದ್ದರೆ ಬ್ಯಾಗ್ ಕೊನೆಯ ಊರಿನ ತನಕ ಹೋಗುತ್ತಿತ್ತು.

ಮುಂಬೈಯಲ್ಲಿ ಇಳಿಯುವಾಗಲೇ 35 ನಿಮಿಷ ತಡ. ಮೇಲೆ ಸುತ್ತು ಹಾಕಿಸಿದರು. ಮುಂಬೈಯಲ್ಲಿ ಇದು ಮಾಮೂಲು, ಅದಕ್ಕೆ ಯಾರನ್ನೂ ದೂರುವುದಿಲ್ಲ. ಬೆಲ್ಟಿನಲ್ಲಿ ಬ್ಯಾಗ್ ಬರುವಾಗ 9:45. ಆರು ಬ್ಯಾಗ್. ವೀಲ್‌ಚೇರ್ ತಳ್ಳುವ ಹುಡುಗ ಪಾಪ ಒಳ್ಳೆಯವನು, ಬೇಗ ಬೇಗ ತಳ್ಳಿಕೊಂಡು ಹೊರಗಿನ ಬಾಗಿಲಿನ ತನಕ ತಂದ. ತಂದು ನಿಲ್ಲಿಸಿ, ಅತ್ತೆಯನ್ನು ಕೈ ಹಿಡಿದು ಎಬ್ಬಿಸಿದ. ನನ್ನ ಗಂಡ ಹಿಂದಿಯಲ್ಲಿ, "ಮುಂದಿನ ವಿಮಾನಕ್ಕೆ ಹೋಗಬೇಕು, ಇಲ್ಲಿ ಯಾಕೆ ಎಬ್ಬಿಸ್ತೀರಿ?" ಅಂದರು. ಅವನು ಟಿಕೆಟ್ ನೋಡಿದ. "ಇದು ಬೇರೆ ಕಂಪನಿ, ಅದೂ ಟರ್ಮಿನಲ್ 1. ಇದು ಟರ್ಮಿನಲ್ 2. ನಮ್ಮದು ಇಲ್ಲಿಗೆ ಮುಗೀತು" ಅಂದ. ಖಾಲಿ ಗಾಡಿ ತಿರುಗಿಸಿಕೊಂಡು ಒಳಗೆ ಹೋದ. ಅತ್ತೆ ಒಂದು ಕೈಯಲ್ಲಿ ಟ್ರಾಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆರಗು ಹಿಡಿದುಕೊಂಡು ನಿಂತಿದ್ದರು. "ಎಂತ ಆಯ್ತು?" ಅಂತ ನನ್ನನ್ನೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುಂಬೈಯ ಟರ್ಮಿನಲ್ 1 ಮತ್ತು 2 ಒಂದೇ ಕಟ್ಟಡದ ಎರಡು ಬಾಗಿಲು ಅಲ್ಲ. ಒಂದು ಸಾಂತಾಕ್ರೂಜ್ ಕಡೆ, ಇನ್ನೊಂದು ಅಂಧೇರಿಯ ಸಹಾರ್ ಕಡೆ. ನಡುವೆ ಊರಿನ ರಸ್ತೆ, ಸಿಗ್ನಲ್, ಟ್ರಾಫಿಕ್, ನಾಲ್ಕೈದು ಕಿಲೋಮೀಟರ್. ಈಗ ಮೆಟ್ರೋ 3ನೇ ಲೈನಿನಲ್ಲಿ ಎರಡು ಟರ್ಮಿನಲ್‌ಗೂ ಸ್ಟೇಷನ್ ಉಂಟು, ನಡುವೆ ಸಹಾರ್ ರೋಡ್ ಒಂದೇ ಸ್ಟೇಷನ್. ಅದು ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ತಿಳಿದಿದ್ದರೂ ಆರು ಬ್ಯಾಗ್, ಮಂಡಿ ನೋವಿನ ಅತ್ತೆ, ನೆಲದಡಿಯ ಸ್ಟೇಷನ್, ಏನು ಮಾಡುವುದು? ಟ್ಯಾಕ್ಸಿ ಸಿಕ್ಕಿ ಹೊರಡುವಾಗ 10:05. ಟರ್ಮಿನಲ್ 1ಕ್ಕೆ ಮುಟ್ಟುವಾಗ 10:22.

ಕೌಂಟರ್ ಮುಚ್ಚಿತ್ತು. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ, ನಿಮಗೂ ಗೊತ್ತಿರುತ್ತದೆ. ವೆಬ್ ಚೆಕ್-ಇನ್ ಆಗಿತ್ತು, ಬೋರ್ಡಿಂಗ್ ಪಾಸ್ ಮೊಬೈಲಿನಲ್ಲಿ ಇತ್ತು. ಆದರೆ ಬ್ಯಾಗ್ ಎಲ್ಲಿ ಬಿಡುವುದು? ವಿಮಾನ ಇನ್ನೂ ಅಲ್ಲೇ ನಿಂತಿತ್ತು. 43 ನಿಮಿಷ ಬಾಕಿ ಇತ್ತು.

ನಾನು ಜೋರು ಮಾಡಿದೆ. ಹೌದು, ಜೋರು ಮಾಡಿದೆ. "ನಮ್ಮದು ಕನೆಕ್ಷನ್ ಫ್ಲೈಟ್, ಮೊದಲಿನದ್ದು ತಡ ಆದ್ರೆ ನೀವೇ ಬೇರೆ ವಿಮಾನ ಕೊಡಬೇಕು" ಅಂದೆ. ಕೌಂಟರಿನ ಮಹಿಳೆ ಸಿಟ್ಟು ಮಾಡಲಿಲ್ಲ. ಎರಡೂ ಟಿಕೆಟ್ ಕೇಳಿದರು. ಪಕ್ಕ ಪಕ್ಕ ಇಟ್ಟರು. ಪೆನ್ನು ತೆಗೆದು ಒಂದರ ಮೇಲಿನ ಆರು ಅಕ್ಷರಕ್ಕೆ ಸುತ್ತು ಹಾಕಿದರು, ಇನ್ನೊಂದರ ಮೇಲಿನ ಆರು ಅಕ್ಷರಕ್ಕೂ ಸುತ್ತು ಹಾಕಿದರು. "ಮೇಡಂ, ಇದು ಒಂದು ಪಿಎನ್‌ಆರ್, ಇದು ಬೇರೆ ಪಿಎನ್‌ಆರ್. ಎರಡು ಕಂಪನಿ, ಎರಡು ಟಿಕೆಟ್. ನೀವು ಮಂಗಳೂರಿನಿಂದ ಬಂದದ್ದು ನಮ್ಮ ಸಿಸ್ಟಮ್‌ನಲ್ಲಿ ಇಲ್ಲವೇ ಇಲ್ಲ. ನಮ್ಮ ಪ್ರಕಾರ ನೀವು ಮುಂಬೈಯವರು, ಲೇಟಾಗಿ ಬಂದಿದ್ದೀರಿ. ನೋ ಶೋ, ಅಂದರೆ ಸಮಯಕ್ಕೆ ಬಾರದವರು."

ಆ ಎರಡು ಸುತ್ತು ನೋಡಿದಾಗ ನನಗೆ ಅರ್ಥವಾಯಿತು. ಆ ಕಾಗದ ಒಂದು ತಿಂಗಳಿಂದ ನನ್ನ ಬ್ಯಾಗಿನಲ್ಲೇ ಇತ್ತು. ಹೆಸರು ಸರಿ ಉಂಟಾ, ತಾರೀಕು ಸರಿ ಉಂಟಾ ಅಂತ ಹತ್ತು ಸಲ ನೋಡಿದ್ದೆ. ಅದೊಂದನ್ನು ನೋಡಿರಲಿಲ್ಲ. ನನ್ನ ಗಂಡ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಅಲ್ಲಿಂದಲೇ ಏಜೆಂಟಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ನಾಲ್ಕನೇ ಸಲಕ್ಕೆ ಎತ್ತಿದ. ಅವನ ಉತ್ತರ ಹಾಗೇ ಬರೆಯುತ್ತೇನೆ.

"ಅಕ್ಕ, ಫ್ಲೈಟ್ ಲೇಟ್ ಆದ್ರೆ ನಾನೆಂತ ಮಾಡುದು?"

ಎರಡು ಪಿಎನ್‌ಆರ್ ಯಾಕೆ ಮಾಡಿದೆ ಅಂತ ಕೇಳಿದೆ.

"ಕನೆಕ್ಷನ್ ಅಂದ್ರೆ ಟೈಮಿಂಗ್ ಕನೆಕ್ಷನ್ ಅಕ್ಕ. ಒಂದು ಇಳಿದ ಮೇಲೆ ಇನ್ನೊಂದು. ಎಲ್ಲರಿಗೂ ಹೀಗೇ ಮಾಡುದು."

ಟರ್ಮಿನಲ್ ಬೇರೆ ಅಂತ ಯಾಕೆ ಹೇಳಲಿಲ್ಲ?

"ಟಿಕೆಟ್‌ನಲ್ಲಿ ಬರ್ದದೆಯಲ್ಲ. ನೀವು ಟೀಚರ್ ಅಲ್ವಾ, ಓದ್ಲಿಲ್ವಾ?"

ಈ ಕೊನೆಯ ಮಾತು ನನಗೆ ಇನ್ನೂ ಚುಚ್ಚುತ್ತದೆ. ದುಡ್ಡಿಗಿಂತ ಜಾಸ್ತಿ ಇದೇ ಚುಚ್ಚುತ್ತದೆ. ಓದಿದ್ದರೂ ನನಗೆ ಗೊತ್ತಾಗುತ್ತಿತ್ತಾ? ಟಿ1, ಟಿ2 ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಗೊತ್ತಿರಬೇಕಾದದ್ದು ಅವನಿಗೆ. ಅದಕ್ಕೇ ಅಲ್ವಾ ಸರ್ವಿಸ್ ಚಾರ್ಜ್ ಕೊಡುವುದು?

ಸಂಜೆ 5:40ರ ವಿಮಾನಕ್ಕೆ ಹೊಸ ಟಿಕೆಟ್ ತೆಗೆದೆವು. ಒಬ್ಬರಿಗೆ 11,350. ಐದು ಜನಕ್ಕೆ 56,750 ರೂಪಾಯಿ. ಏಳು ಗಂಟೆ ಕುರ್ಚಿಯಲ್ಲಿ ಕೂತಿದ್ದೆವು. ಅತ್ತೆ ಮನೆಯಿಂದ ತಂದ ಅವಲಕ್ಕಿ ಮಕ್ಕಳಿಗೆ ಕೊಟ್ಟು ತಾವು ಏನೂ ತಿನ್ನಲಿಲ್ಲ. ಮರುದಿನ ಬೆಳಿಗ್ಗೆ ಪುರೋಹಿತರಿಗೆ ಹೇಳಿ ಆಗಿತ್ತು, ಕಾರ್ಯ ತಪ್ಪುತ್ತದೋ ಅಂತ ಅತ್ತೆಗೆ ಭಯ. "ನಾಳೆ ಬೆಳಿಗ್ಗೆಗೆ ಮುಟ್ತೇವಲ್ಲಾ?" ಅಂತ ಗಂಟೆಗೊಂದು ಸಲ ಕೇಳುತ್ತಿದ್ದರು.

ಇನ್ನು ಕಾರಿನ ಕಥೆ. ಮಧ್ಯಾಹ್ನವೇ ಡ್ರೈವರ್ ಏರ್‌ಪೋರ್ಟಿಗೆ ಬಂದು ಕಾದು ಹೋಗಿದ್ದ. ವಾರಾಣಸಿ ಏರ್‌ಪೋರ್ಟ್ ಇರುವುದು ಬಾಬತ್‌ಪುರದಲ್ಲಿ, ಊರಿನಿಂದ ಸುಮಾರು 25 ಕಿಲೋಮೀಟರ್. ರಾತ್ರಿ ಮತ್ತೆ ಬರಲು 2,200 ಜಾಸ್ತಿ ಕೇಳಿದ. ಏಜೆಂಟಿಗೆ ಹೇಳಿದರೆ "ಅದು ಅಲ್ಲಿಯ ಪಾರ್ಟಿ ಅಕ್ಕ, ನನ್ನ ಕೈಯಲ್ಲಿಲ್ಲ". ದುಡ್ಡು ತೆಗೆದುಕೊಂಡದ್ದು ಇವನು, ಕಾರು ಇವನ ಕೈಯಲ್ಲಿಲ್ಲ! ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ ಎಲ್ಲ ಸೇರಿ ಅಂತ ಹೇಳಿದ್ದ. ಮೊದಲ ದಿನವೇ ಯಾವುದೂ ಸೇರಿಲ್ಲ ಅಂತ ಗೊತ್ತಾಯಿತು. ಇನ್ನೊಂದು, ದಶಾಶ್ವಮೇಧ ಘಾಟಿನ ತನಕ ಕಾರು ಹೋಗುವುದಿಲ್ಲ. ಗೊದೌಲಿಯಾ ಚೌಕದಿಂದ ಮುಂದೆ ನಡೆಯಲೇಬೇಕು. ವಯಸ್ಸಾದವರು ಇದ್ದರೆ ರೂಮು ಮಾಡುವ ಮೊದಲು "ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಷ್ಟು ನಡಿಗೆ" ಅಂತ ಕೇಳಿ. ನಮಗೆ ಯಾರೂ ಹೇಳಲಿಲ್ಲ. ಅತ್ತೆ ರಾತ್ರಿ ಒಂಬತ್ತೂವರೆಗೆ ಆ ಜನಜಂಗುಳಿಯಲ್ಲಿ ನನ್ನ ಭುಜ ಹಿಡಿದು ನಡೆದರು.

ಕಾರ್ಯ ಆಯಿತು. ಅದೊಂದು ಸಮಾಧಾನ.

ಆ ರಾತ್ರಿ ರೂಮಿನಲ್ಲಿ ಕೂತು ಹಿಂದಿರುಗುವ ಟಿಕೆಟ್ ತೆಗೆದು ನೋಡಿದೆ. ಅದೂ ಎರಡು ಪಿಎನ್‌ಆರ್. ಬೆಂಗಳೂರಿನಲ್ಲಿ ಒಂದು ಗಂಟೆ 35 ನಿಮಿಷ. ಅಲ್ಲಿ ಎರಡು ಟರ್ಮಿನಲ್ ಹತ್ತಿರ ಹತ್ತಿರವೇ, ಬಸ್ಸೂ ಉಂಟು, ಆದರೆ ಬ್ಯಾಗ್ ತೆಗೆದು ಮತ್ತೆ ಹಾಕಲು ಒಂದು ಗಂಟೆ 35 ನಿಮಿಷ ಯಾವ ಲೆಕ್ಕಕ್ಕೂ ಸಾಲದು. ಇನ್ನೊಂದು ಸಲ ಮೋಸ ಹೋಗಲು ನಾನು ತಯಾರಿರಲಿಲ್ಲ. ಬೆಂಗಳೂರು–ಮಂಗಳೂರು ಟಿಕೆಟ್ ಕ್ಯಾನ್ಸಲ್ ಮಾಡಿ, ರಾತ್ರಿ ಹೊರಡುವ ಕಣ್ಣೂರು ರೈಲಿಗೆ ತತ್ಕಾಲ್ ತೆಗೆದೆವು. ಬೆಳಿಗ್ಗೆ ನೇರ ಕಾಸರಗೋಡಿನಲ್ಲಿ ಇಳಿದೆವು. ತಲಪಾಡಿಯೂ ಇಲ್ಲ, ಟ್ಯಾಕ್ಸಿಯೂ ಇಲ್ಲ. ಇಡೀ ಪ್ರಯಾಣದಲ್ಲಿ ಅತ್ತೆ ನಿದ್ದೆ ಮಾಡಿದ್ದು ಆ ರಾತ್ರಿ ಮಾತ್ರ.

ಊರಿಗೆ ಬಂದು ಅವನ ಆಫೀಸಿಗೆ ಹೋದೆ. ನೋ ಶೋ ಆದ ಟಿಕೆಟಿಗೆ "ಒಂದು ರೂಪಾಯಿ ಬರುದಿಲ್ಲ ಅಕ್ಕ" ಅಂದ. ಇದು ಶುದ್ಧ ಸುಳ್ಳು. ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನಿಯಮದ ಪ್ರಕಾರ ನೀವು ಹತ್ತದೇ ಹೋದರೂ ಟಿಕೆಟಿನೊಳಗಿನ ತೆರಿಗೆ, ಏರ್‌ಪೋರ್ಟಿನ ಯೂಸರ್ ಡೆವಲಪ್‌ಮೆಂಟ್ ಫೀ ಎಲ್ಲ ವಾಪಸ್ ಕೊಡಬೇಕು. ನಾನ್-ರಿಫಂಡೆಬಲ್ ಅಂತ ಬರೆದಿದ್ದರೂ ಕೊಡಬೇಕು. ಏಜೆಂಟ್ ಮೂಲಕ ತೆಗೆದಿದ್ದರೂ ವಾಪಸ್ ಕೊಡಿಸುವ ಜವಾಬ್ದಾರಿ ವಿಮಾನ ಕಂಪನಿಯದ್ದೇ. ಆ ನಿಯಮವನ್ನು ಪ್ರಿಂಟ್ ತೆಗೆದು ಅವನ ಮೇಜಿನ ಮೇಲೆ ಇಟ್ಟೆ. ಆಮೇಲೆ "ಟ್ರೈ ಮಾಡುವ" ಅಂದ. 40 ದಿನ ಆದ ಮೇಲೆ ಜಿಪೇಯಲ್ಲಿ 2,810 ರೂಪಾಯಿ ಬಂತು. ಕಂಪನಿಯಿಂದ ಬಂದದ್ದು 4,310. ಒಬ್ಬರಿಗೆ 300ರಂತೆ ಅವನ ಸರ್ವಿಸ್ ಚಾರ್ಜ್ ಹಿಡಿದುಕೊಂಡಿದ್ದಾನೆ. ನನ್ನ ಟಿಕೆಟ್ ಹಾಳು ಮಾಡಿದ್ದಕ್ಕೂ ಸರ್ವಿಸ್ ಚಾರ್ಜ್! ವಿಮಾನ ಪ್ರಯಾಣಿಕರ ದೂರಿಗೆ ಸರ್ಕಾರ ಮಾಡಿರುವ ಏರ್‌ಸೇವಾದಲ್ಲಿ ದೂರು ಹಾಕಿದ್ದೇನೆ, ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ಗ್ರಾಹಕ ದೂರು ಬರೆಸಿದ್ದೇನೆ.

ಆಮೇಲೆ ನಾನೇ ನೋಡಿದೆ, ಮಂಗಳೂರಿನಿಂದ ವಾರಾಣಸಿಗೆ ಒಂದೇ ಪಿಎನ್‌ಆರ್‌ನ ಟಿಕೆಟ್ ಒಬ್ಬರಿಗೆ 700 ರೂಪಾಯಿ ಜಾಸ್ತಿ, ಅಷ್ಟೇ. ಆ 700 ನಾನು ಕೊಡುತ್ತಿರಲಿಲ್ಲವಾ? ಕೇಳಲೇ ಇಲ್ಲವಲ್ಲ.

ಹಾಗಾಗಿ ಟಿಕೆಟ್ ಕೈಗೆ ಬಂದ ದಿನವೇ ಆರು ಅಕ್ಷರ ನೋಡಿ. ಎರಡು ಬೇರೆ ಬೇರೆ ಇದ್ದರೆ, ಏಜೆಂಟ್ ಏನೇ ಹೇಳಲಿ, ಅದು ಕನೆಕ್ಷನ್ ಅಲ್ಲ. ಟರ್ಮಿನಲ್ ನೋಡಿ. ದೆಹಲಿಯಲ್ಲೂ ಹೀಗೇ, ಟರ್ಮಿನಲ್ 1 ಬೇರೆ ಕಡೆ, 3 ಬೇರೆ ಕಡೆ. ಎರಡು ಪಿಎನ್‌ಆರ್ ಅನಿವಾರ್ಯ ಆದರೆ ನಾಲ್ಕೈದು ಗಂಟೆ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಮಂಗಳೂರಿನಿಂದ ಹೊರಡುವುದಾದರೆ ಇನ್ನೂ ಜಾಸ್ತಿ. ವೀಲ್‌ಚೇರನ್ನು ಎರಡೂ ಕಂಪನಿಗೆ ಬೇರೆ ಬೇರೆ ಹೇಳಿ. "ಟೆನ್ಶನ್ ಮಾಡ್ಬೇಡಿ" ಅನ್ನುವವನ ಹತ್ತಿರ ಎಲ್ಲವನ್ನೂ ಬರೆದು ಕೊಡಲು ಹೇಳಿ.

ಈಗ ಮೊನ್ನೆಯ ವಿಷಯ. ನಾವು ಹೊರಡುವ ಮೊದಲು ನಾನೇ ನಮ್ಮ ಶಾಲೆಯ ಒಬ್ಬ ಟೀಚರಿಗೆ ಈ ಏಜೆಂಟಿನ ನಂಬರ್ ಕೊಟ್ಟಿದ್ದೆ. ಒಳ್ಳೆಯವನು, ನಮ್ಮೂರಿನವನು ಅಂತ. ಅವರು ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಮುಂದಿನ ತಿಂಗಳು ಕಾಶಿಗೆ ಹೊರಟಿದ್ದಾರೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಟಿಕೆಟ್ ತೋರಿಸಿದರು. ನಾನು ಪೆನ್ನು ತೆಗೆದು ಎರಡು ಕಡೆ ಸುತ್ತು ಹಾಕಿದೆ. ಮುಂಬೈ, ಒಂದು ಗಂಟೆ 50 ನಿಮಿಷ, ಟಿ2ರಿಂದ ಟಿ1. ಅವರಿಗೂ ವೀಲ್‌ಚೇರ್ ಬೇಕು. ಅವನನ್ನು ಕೇಳಿದ್ದಕ್ಕೆ "ಕನೆಕ್ಷನ್ ಫ್ಲೈಟ್ ಅಲ್ವಾ ಅಕ್ಕ" ಅಂದನಂತೆ. ನಿನ್ನೆ ಇಬ್ಬರೂ ಒಟ್ಟಿಗೆ ಅವನ ಆಫೀಸಿಗೆ ಹೋಗಿ, ಎದುರಿಗೇ ಕೂತು ಒಂದೇ ಪಿಎನ್‌ಆರ್‌ಗೆ ಬದಲಾಯಿಸಿಕೊಂಡು ಬಂದೆವು. ಕ್ಯಾನ್ಸಲ್ ಮಾಡಿದ್ದರ ದುಡ್ಡು ಅವನೇ ಹಾಕಬೇಕು ಅಂತ ಪಟ್ಟು ಹಿಡಿದೆವು. ಅರ್ಧ ಹಾಕಿದ.